ನಿರಿಗೆಯೋ ನೀರಿಗೋ

ತುಮಕೂರಿನ ಒಂದು ಸಣ್ಣ ಡಿಟಿಪಿ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಟೈಪ್ ಮಾಡುತ್ತಿದ್ದೇನೆ. ಮದುವೆ ಕಾರ್ಡು, ತಿಥಿ ಕಾರ್ಡು, ಬಾಡಿಗೆ ಕರಾರು, ಕಾಲೇಜು ಮಕ್ಕಳ ಪ್ರಾಜೆಕ್ಟು. ಬೆಳಿಗ್ಗೆ ಗುಬ್ಬಿಯಿಂದ ರೈಲಿನಲ್ಲಿ ಬರುತ್ತೇನೆ, ಸಂಜೆ ರೈಲಿನಲ್ಲೇ ವಾಪಸಾಗುತ್ತೇನೆ. ಬೆರಳು ಅದರ ಪಾಡಿಗೆ ಓಡುತ್ತಿರುತ್ತದೆ, ತಲೆ ಮನೆಯ ಸಾರಿನ ಮೇಲೋ ಮಗಳ ಪರೀಕ್ಷೆಯ ಮೇಲೋ ಇರುತ್ತದೆ. ಏನು ಟೈಪ್ ಮಾಡಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಬರುವುದಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಕುಣಿಗಲ್ಲಿನಿಂದ ಒಬ್ಬ ಟೀಚರ್ ಬಂದರು. ನನಗಿಂತ ಏಳೆಂಟು ವರ್ಷ ಚಿಕ್ಕವರು. ತಾವೇ ಬರೆದು, ತಾವೇ ರಾಗ ಹಾಕಿ, ಒಂದೇ ಒಂದು ಗಿಟಾರ್ ಇಟ್ಟುಕೊಂಡು ಏಳು ಹಾಡು ಹಾಡಿದ್ದರಂತೆ. ಯಾವ ಕಂಪನಿಯೂ ಇಲ್ಲ. ಮನೆಯ ಕೋಣೆಯಲ್ಲೇ ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದರು. ಈಗ ಹಾಡುಗಳ ಸಾಹಿತ್ಯದ ಒಂದು ಪುಟ್ಟ ಪುಸ್ತಕ ಬೇಕಿತ್ತು.

"ಬರೆದಿರೋ ನೋಟ್‌ಬುಕ್ ಕೊಡಿ ಮೇಡಂ, ನಾಳೆ ಹೊತ್ಗೆ ಆಗೋಗುತ್ತೆ" ಎಂದೆ.

"ನೋಟ್‌ಬುಕ್ಕಲ್ಲಿ ಇರೋದೇ ಬೇರೆ ಅಕ್ಕ. ಹಾಡ್ತಾ ಹಾಡ್ತಾ ಬದಲಾಗೋಯ್ತು. ಕೇಳ್ಕೊಂಡು ಬರ್ಕೊಳೋಣ ಅಂದ್ರೆ ನನ್ ಧ್ವನಿ ನಂಗೇ ಕೇಳಕ್ಕಾಗಲ್ಲ, ನಾಚ್ಕೆ. ನೀವು ಕೇಳಿ. ಏನ್ ಕೇಳ್ಸುತ್ತೋ ಅದನ್ನೇ ಟೈಪ್ ಮಾಡಿ."

ಹೀಗೆ ನನ್ನ ಕಿವಿಗೆ ಮೊದಲ ಸಲ ಕೆಲಸ ಬಂತು.

ಅಂಗಡಿಯ ಗಲಾಟೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕುಳಿತೆ. ನಾಲ್ಕು ಪದ ಕೇಳುವುದು, ನಿಲ್ಲಿಸುವುದು, ಟೈಪ್ ಮಾಡುವುದು, ಹಿಂದಕ್ಕೆ ಹೋಗಿ ಮತ್ತೆ ಕೇಳುವುದು. ಎರಡು ದಿನದಲ್ಲಿ ನಾಲ್ಕು ಹಾಡು ಮುಗಿಯಿತು. ಆದರೆ ಒಂದರ ರಾಗವೂ ನೆನಪಿನಲ್ಲಿ ಉಳಿದಿರಲಿಲ್ಲ. ತುಂಡು ತುಂಡು ಮಾಡಿದ್ದರಿಂದ ಹೀಗಾಯಿತೇನೋ ಎನಿಸಿ, ಮೂರನೆಯ ದಿನ ಮನೆಗೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕ ಕುಳಿತು ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಕೇಳಿದೆ.

ಆಗ ಪದಗಳ ಸುತ್ತ ಇದ್ದದ್ದೆಲ್ಲ ಕೇಳಿಸತೊಡಗಿತು. ತಂತಿಯ ಮೇಲೆ ಬೆರಳು ಜಾರುವಾಗಿನ ಕಿರ್ ಎಂಬ ಸದ್ದು. ಎತ್ತರದ ಸಾಲಿಗೆ ಮೊದಲು ಎಳೆದುಕೊಳ್ಳುವ ಉಸಿರು. ಎರಡನೇ ಹಾಡಿನಲ್ಲಿ ಅವರು ಕುಳಿತ ಕುರ್ಚಿ ಒಮ್ಮೆ ಮುಲುಗುತ್ತದೆ. ನಾಲ್ಕನೆಯದು ಮುಗಿಯುವಾಗ ದೂರದಲ್ಲಿ ಬಸ್ಸಿನ ಹಾರ್ನ್, ಆಮೇಲೆ ಅವರು ಸಣ್ಣಗೆ ನಕ್ಕಂತೆ ಇದೆ. ಧ್ವನಿ ಬಹಳ ಚೆಂದದ್ದೇನಲ್ಲ, ಸ್ವಲ್ಪ ಒಡಕು. ಆದರೆ ಪಕ್ಕದಲ್ಲಿ ಕುಳಿತು ನನಗೊಬ್ಬಳಿಗೇ ಹೇಳುತ್ತಿದ್ದಾರೆ ಎನಿಸುತ್ತಿತ್ತು. ಗುಬ್ಬಿಯಲ್ಲಿ ಇಳಿದ ಮೇಲೂ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಕುಳಿತು ಕೊನೆಯ ಹಾಡು ಮುಗಿಸಿಯೇ ಎದ್ದೆ.

ನಾನು ಸಿಕ್ಕಿಕೊಂಡದ್ದು ಐದನೇ ಹಾಡಿನಲ್ಲಿ. ಅವ್ವನ ಕುರಿತ ಹಾಡು. ಅದರ ಒಂದು ಸಾಲು ನನಗೆ ಕೇಳಿಸಿದ್ದು ಹೀಗೆ: "ಅವ್ವ ಎದ್ದಳು, ನೀರಿಗೆ ಕೊಡವಿಡಿದು ನಡೆದಳು." ಹಾಗೇ ಟೈಪ್ ಮಾಡಿದೆ. ಮತ್ತೊಮ್ಮೆ ಕೇಳಿದರೆ "ನಿರಿಗೆ ಕೊಡವಿ ನಡೆದಳು" ಎಂದೂ ಕೇಳಿಸಿತು. ರಾಗಕ್ಕಾಗಿ ಮೊದಲ ಅಕ್ಷರವನ್ನು ಎಳೆದಿದ್ದರು, 'ಕೊಡವಿ' ಆದಮೇಲಿನದನ್ನು ಉಸಿರಿನಲ್ಲಿ ನುಂಗಿದ್ದರು. ಒಂದರಲ್ಲಿ ಅವ್ವ ನೀರು ತರಲು ಹೋಗುತ್ತಾಳೆ, ಇನ್ನೊಂದರಲ್ಲಿ ಸೀರೆ ಕೊಡವಿಕೊಂಡು ಸಿಟ್ಟಿನಿಂದ ಎದ್ದು ಹೋಗುತ್ತಾಳೆ. ಇಪ್ಪತ್ತು ಸಲ ಕೇಳಿದರೂ ತೀರ್ಮಾನವಾಗಲಿಲ್ಲ. ಕೊನೆಗೆ ಟೀಚರಿಗೆ ಫೋನ್ ಮಾಡಿದೆ. "ಭಾನುವಾರ ಮನೆಗೇ ಬನ್ನಿ ಅಕ್ಕ, ಕೂತ್ಕೊಂಡು ಎಲ್ಲಾ ನೋಡ್ಬುಡೋಣ" ಎಂದರು.

ಭಾನುವಾರ ಹೆಬ್ಬೂರಿನ ಮೇಲೆ ಹೋಗುವ ಬಸ್ ಹತ್ತಿ ಕುಣಿಗಲ್ಲಿಗೆ ಹೋದೆ. ಮನೆಯಲ್ಲಿ ಟೀಚರ್ ಮತ್ತು ಅವರ ತಾಯಿ ಇದ್ದರು. ತಾಯಿ ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ನಾನು ಹಾಳೆ ತೆಗೆದು ಆ ಸಾಲು ತೋರಿಸಿದೆ.

ಟೀಚರ್ ನಕ್ಕರು. "ನಿರಿಗೆ ಅಕ್ಕ. ನಿರಿಗೆ ಕೊಡವಿ."

"ಏನದು, ಓದವ್ವ ಕೇಳ್ಸೋ ಹಂಗೆ" ಎಂದರು ತಾಯಿ, ನನ್ನ ಕಡೆ ತಿರುಗಿ.

ಟೀಚರ್ ಮುಖ ಸಣ್ಣದಾಯಿತು. ಆ ಹಾಡನ್ನು ಅವರು ತಾಯಿಗೆ ಇನ್ನೂ ಕೇಳಿಸಿಯೇ ಇರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಬೇಡ ಎನ್ನುವಂತೆ ಅವರು ತಲೆಯಾಡಿಸಲಿಲ್ಲ, ಹೂಂ ಎಂದೂ ಹೇಳಲಿಲ್ಲ. ನಾನು ಓದಿದೆ. ಬೆಳ್ಳಾವಿಯ ಕಡೆ ಒಂದು ಮನೆ. ನಾಮಕರಣದ ದಿನ. ಎಂಟು ವರ್ಷದ ಹುಡುಗಿ ಎಲ್ಲರ ಮುಂದೆ ಹಾಡುತ್ತಾಳೆ. ಅವಳ ದೊಡ್ಡಪ್ಪ, ಕಾಗೆ ಕೂಗಿದ ಹಾಗಿದೆ, ನಿಲ್ಲಿಸು ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಅವ್ವ ಎದ್ದು, ನಿರಿಗೆ ಕೊಡವಿ, ಮಗಳ ಕೈ ಹಿಡಿದು ನಡೆದುಬಿಡುತ್ತಾಳೆ.

ಓದಿ ಮುಗಿಸಿದಾಗ ತಾಯಿಯ ಕೈ ನಿಂತಿತ್ತು.

"ಸುಳ್ಳು" ಎಂದರು.

"ಯಾವ್ದವ್ವ ಸುಳ್ಳು?"

"ನಾನ್ ಎದ್ದಿದ್ದು ನೀರಿಗೇ ಕಣೇ. ಸಿಟ್ಟು ಬಂದಿತ್ತು, ಇಲ್ಲ ಅನ್ನಲ್ಲ. ಆದ್ರೆ ಸೊಸೆಯಾಗಿದ್ದೋಳು ಎದ್ದು ಹೋಗೋ ಧೈರ್ಯ ಎಲ್ಲಿತ್ತು? ಪಂಕ್ತಿಗೆ ಕೂತೋರಿಗೆ ನೀರಿರ್ಲಿಲ್ಲ. ಕೊಡ ತಗೊಂಡು ಬೋರಿಂಗ್ ಹತ್ರ ಹೋದೆ. ನೀನು ಅಳ್ತಾ ಹಿಂದೆ ಬಂದೆ."

ತಾಯಿ ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿ ಮುಂದುವರಿಸಿದರು.

"ನಾನು ಬೋರಿಂಗ್ ಹೊಡೀತಿದ್ದೆ. ಅದು ಕಿರ್ರ್ ಕಿರ್ರ್ ಅಂತಿತ್ತು. ನೀನು ಅಳೋದ್ ನಿಲ್ಸಿ, ಆ ಸದ್ದಿನ ಜೊತೆ ಅದೇ ಹಾಡು ಶುರು ಮಾಡ್ದೆ. ಮೆಲ್ಲುಗೆ. ಕೊಡ ತುಂಬ್ತು. ಆಗ ಅನ್ನುಸ್ತು, ಈ ನೀರ್ನ ಅವರಿಗ್ಯಾಕೆ ಹೊತ್ಕೊಂಡ್ ಹೋಗ್ಲಿ ಅಂತ. ಕೊಡ ಅಲ್ಲೇ ಬುಟ್ಟು ನಿನ್ ಕೈ ಹಿಡ್ಕೊಂಡು ಬಸ್ ಹತ್ತುದೆ."

"ನಾನು ಹಾಡಿದ್ನಾ? ಅಲ್ಲಿ?"

"ಹಾಡ್ದೆ. ಅದಕ್ಕೇ ಹೋಗಿದ್ದು."

ಟೀಚರ್ ಎದ್ದು ಒಳಗೆ ಹೋದರು. ನಾನು ಸುಮ್ಮನಿರಲಾಗದೆ ಮೊರದ ಪಕ್ಕ ಕುಳಿತು ಅವರೆಕಾಯಿ ಸುಲಿಯತೊಡಗಿದೆ. ಮುಖ ತೊಳೆದುಕೊಂಡು ಬಂದ ಟೀಚರ್ ಮೊಬೈಲಿನಲ್ಲಿ ಆ ಹಾಡು ಹಾಕಿ ಮೊರದ ಅಂಚಿಗೆ ಒರಗಿಸಿಟ್ಟರು. ಮೂವರೂ ಕಾಯಿ ಸುಲಿಯುತ್ತಲೇ ಕೇಳಿದೆವು. ಆ ಸಾಲು ಬಂದಾಗ ತಾಯಿ ಕತ್ತು ವಾಲಿಸಿ ಕಿವಿಗೊಟ್ಟು, "ನಂಗೂ ನೀರಿಗೆ ಅಂತ್ಲೇ ಕೇಳ್ಸೋದು ಬುಡು" ಎಂದರು. ಟೀಚರ್ ಅಳುತ್ತಿದ್ದವರು ನಕ್ಕುಬಿಟ್ಟರು.

ಹೊರಡುವಾಗ, ಪುಸ್ತಕದಲ್ಲಿ ಏನು ಹಾಕಲಿ ಎಂದು ಕೇಳಿದೆ. ಟೀಚರ್ ಹಾಳೆ ತೆಗೆದುಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದರು. "ನಾನ್ ಹಾಡಿದ್ದು ನಿರಿಗೆ. ಇಷ್ಟ್ ವರ್ಷ ನಂಬಿದ್ದೂ ಅದೇ. ಅದು ಹಂಗೇ ಇರ್ಲಿ. ಕೆಳಗಡೆ ಒಂದು ಚುಕ್ಕಿ ಇಟ್ಟು, ಅವ್ವ ಹೇಳೋ ಪ್ರಕಾರ ನೀರಿಗೆ ಅಂತ ಹಾಕಿ ಅಕ್ಕ."

ಹಾಗೇ ಹಾಕಿದೆ. ಎರಡು ತಿಂಗಳ ನಂತರ ತುಮಕೂರಿನ ಒಂದು ಶಾಲೆಯ ಸಣ್ಣ ಹಾಲಿನಲ್ಲಿ, ಭಾನುವಾರ ಮಧ್ಯಾಹ್ನ, ಟೀಚರ್ ಏಳೂ ಹಾಡು ಹಾಡಿದರು. ನಲವತ್ತು ಜನ ಸೇರಿದ್ದರೆ ಹೆಚ್ಚು. ನಾನು ಅಂಗಡಿಯ ಯಜಮಾನರನ್ನೂ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ತಾಯಿ ನನ್ನ ಪಕ್ಕದಲ್ಲೇ ಕುಳಿತರು. ಪುಸ್ತಕ ತಿರುವಿ ತಿರುವಿ, "ನನ್ ಮಾತು ಎಲ್ಲೈತೆ ತೋರ್ಸವ್ವ" ಎಂದರು. ನಾನು ಪುಟದ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟೆ. ಅವರು ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಬಹಳ ಹೊತ್ತು ನೋಡಿದರು.

"ಅಕ್ಷರ ಇನ್ನೊಂಚೂರು ದಪ್ಪ ಮಾಡ್ಬೋದಾಗಿತ್ತು" ಎಂದರು.