ಕೊನೆಯ ಸಾಲಿನ ಐವತ್ತೊಂಬತ್ತು ಮಕ್ಕಳು

ಆಕೆಯ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಸೀಟಿ ಟೀಚರ್ ಬಂದರು ಅಂದರೆ ಸಾಕು, ಹುಡುಗರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ವ್ಯಾಯಾಮ ಕಲಿಸುತ್ತ ಆಕೆಯ ತಲೆ ನೆರೆತಿತ್ತು, ಗಂಟಲು ಮಾತ್ರ ಹಾಗೇ ಇತ್ತು. ಗಣಿತಕ್ಕೂ ಆಕೆಗೂ ಎಣ್ಣೆ ಸೀಗೆಕಾಯಿ. ಆ ವಿದ್ಯೆಯನ್ನೆಲ್ಲ ಬೆನ್ನಿಗೆ ಬಿದ್ದ ತಮ್ಮನೇ ಹೊತ್ತುಕೊಂಡು ಅದೇ ಶಾಲೆಯಲ್ಲಿ ಗಣಿತದ ಮೇಷ್ಟರಾಗಿದ್ದ. ಚಿಕ್ಕಂದಿನಲ್ಲಿ ಕುಳ್ಳಿ ಎಂದು ಆಕೆಯನ್ನು ಕವಾಯತಿನಿಂದ ಹೊರಗಿಟ್ಟಿದ್ದರು. ಆ ಉರಿ ಆರಿರಲಿಲ್ಲ. ತಾನಾಗಿ ಒಂದು ಮಗುವನ್ನೂ ಸಾಲಿನಿಂದ ತೆಗೆದವಳಲ್ಲ ಆಕೆ.

ಆ ವರ್ಷ ಊರಿನ ಎಲ್ಲ ಶಾಲೆಗಳೂ ಸೇರಿ ಮೂರು ಸಾವಿರದ ಆರುನೂರು ಮಕ್ಕಳ ಕವಾಯತು. ಅರವತ್ತು ಸಾಲು, ಸಾಲಿಗೆ ಅರವತ್ತು. "ಚಿನ್ನದಂಥ ಸಂಖ್ಯೆ ಅಕ್ಕ. ವರ್ಗ ಸಂಖ್ಯೆ. ನಲವತ್ತೈದು ಥರ ಭಾಗ ಮಾಡ್ಬಹುದು, ಒಂದು ಮಗೂನೂ ಮಿಗಲ್ಲ" ಎಂದು ತಮ್ಮ ಬೀಗಿದ್ದ.

ಇನ್ನೇನು ಶುರುವಾಗಬೇಕು, ನಡುವಿನ ಸಾಲಿನ ಹುಡುಗಿಯೊಬ್ಬಳ ಕಾಲು ಉಳುಕಿತು. ಅವಳನ್ನು ವೇದಿಕೆಯ ಪಕ್ಕ ಕೂರಿಸಿದರು. ಅವಳ ಹಿಂದಿದ್ದವರು ಕವಾಯತಿನ ಪದ್ಧತಿಯಂತೆ ಒಂದೊಂದು ಹೆಜ್ಜೆ ಮುಂದೆ ಬಂದರು. ಖಾಲಿ ಜಾಗ ಹಿಂದಕ್ಕೆ ಸರಿದು ಕೊನೆಯ ಸಾಲಿನಲ್ಲಿ ಐವತ್ತೊಂಬತ್ತೇ ಮಂದಿ ಉಳಿದರು.

"ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ. ಕೊನೇ ಸಾಲು ಪೂರ್ತಿ ಆಚೆ ಕಳ್ಸಿ" ಎಂದರು ಸಮಾರಂಭದ ಉಸ್ತುವಾರಿಯವರು.

ತಿಂಗಳುಗಟ್ಟಲೆ ಬಿಸಿಲಲ್ಲಿ ಬೆಂದ ಮಕ್ಕಳು! ಆಕೆ ತಮ್ಮನ ತೋಳು ಹಿಡಿದಳು. "ಎಲ್ರನ್ನೂ ಸಮನಾಗಿ ನಿಲ್ಸೋಕೆ ಆಗುತ್ತೇನೋ?"

"ಮೂರು ಸಾವಿರದ ಐನೂರ ತೊಂಬತ್ತೊಂಬತ್ತು... ಎರಡರಿಂದ ಹೋಗಲ್ಲ, ಮೂರು, ಏಳು, ಹನ್ನೊಂದು... ಊಹೂಂ. ಅವಿಭಾಜ್ಯ ಇರ್ಬೇಕು ಅಕ್ಕ. ಹಾಗಿದ್ರೆ ಎಲ್ರೂ ಒಂದೇ ಸಾಲು."

"ಅದರ ಬಾಲ ಪಕ್ಕದೂರಲ್ಲಿರುತ್ತೆ! ಸರಿಯಾಗಿ ನೋಡೋ."

ತಮ್ಮ ಹಣೆ ಚಚ್ಚಿಕೊಂಡ. "ಅಯ್ಯೋ, ಅರವತ್ತರ ವರ್ಗಕ್ಕೆ ಒಂದು ಕಡಿಮೆ! ಅಂದ್ರೆ ಅರವತ್ತರ ಹಿಂದಿನದು ಇಂಟು ಮುಂದಿನದು. ಐವತ್ತೊಂಬತ್ತು ಸಾಲು, ಸಾಲಿಗೆ ಅರವತ್ತೊಂದು! ಎರಡೂ ಅವಿಭಾಜ್ಯ, ಬೇರೆ ದಾರೀನೇ ಇಲ್ಲ." ಮರುಕ್ಷಣವೇ ಮುಖ ಇಳಿಯಿತು. "ಆದ್ರೆ ಇಷ್ಟು ಜನರನ್ನ ಮತ್ತೆ ಜೋಡ್ಸೋಕೆ ಹೊತ್ತೆಲ್ಲಿದೆ?"

ಈಗ ಅದು ಆಕೆಯ ವಿಷಯವಾಯಿತು. ಮೈದಾನದತ್ತ ನೋಡಿದಳು. ಮುಂದೆ ಐವತ್ತೊಂಬತ್ತು ತುಂಬಿದ ಸಾಲು. ಹಿಂದೆ ಐವತ್ತೊಂಬತ್ತು ಮಕ್ಕಳು.

"ಜೋಡ್ಸೋದೇನು ಬಂತೋ, ದಡ್ಡ! ಕೊನೇ ಸಾಲು, ಬಲಗಡೆ ಓಡಿ! ಸಾಲಿಗೊಬ್ರು!"

ಸೀಟಿ ಮೊಳಗಿತು. ಉಳಿದವರು ಅಲುಗಲಿಲ್ಲ. ಆ ಮಕ್ಕಳು ಮಾತ್ರ ಪಕ್ಕದ ಗೆರೆಯುದ್ದಕ್ಕೂ ಓಡಿ, ಒಂದೊಂದು ಸಾಲಿನ ತುದಿಗೆ ಒಬ್ಬೊಬ್ಬರಂತೆ ನಿಂತುಬಿಟ್ಟರು. ಎಲ್ಲೂ ಒಂದು ಸಂದಿಲ್ಲ. ತಮ್ಮ ನಿಂತಲ್ಲೇ ಕುಣಿದ. ಉಸ್ತುವಾರಿಯವರೇ ಮೊದಲು ಚಪ್ಪಾಳೆ ತಟ್ಟಿದರು.

ಬಲಗಡೆ ಪೋಷಕರು ಕೂತಿದ್ದರು. ಕೊನೆಯ ಸಾಲಿನವರ ಅಪ್ಪ ಅಮ್ಮಂದಿರು ಮಕ್ಕಳು ಕಾಣುವ ಆಸೆಯನ್ನೇ ಬಿಟ್ಟಿದ್ದರು. ಈಗ ಅವೇ ಮಕ್ಕಳು ಕಣ್ಣೆದುರಿಗೇ, ಎಲ್ಲರಿಗಿಂತ ಹತ್ತಿರ. "ಅಲ್ನೋಡ್ರೀ, ನಮ್ಮ ಪುಟ್ಟಿ!" ಎಂದು ಒಬ್ಬ ತಾಯಿ ಕೂಗಿದ್ದೇ ತಡ, ಗ್ಯಾಲರಿಗೆ ಗ್ಯಾಲರಿಯೇ ಎದ್ದು ನಿಂತಿತು. ಕವಾಯತಿನಲ್ಲಿ ತಲೆ ತಿರುಗಿಸಬಾರದು ಎಂಬುದು ಆ ಐವತ್ತೊಂಬತ್ತರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಎಲ್ಲರೂ ಹಲ್ಲು ಕಿರಿದು ಕೈ ಬೀಸಿದರು. ಟೀಚರ್ ಜನ್ಮದಲ್ಲಿ ಮೊದಲ ಸಲ ಬಯ್ಯಲಿಲ್ಲ.