ನಡುಗುವ ಅಂಗೈ

ಗುರುಸ್ವಾಮಿಯವರ ಎಡಗೈ ಮೊದಲು ನಡುಗಿದ್ದು ಪಿರಿಯಾಪಟ್ಟಣದ ತಮ್ಮ ಗೊಬ್ಬರದ ಅಂಗಡಿಯಲ್ಲಿ, ಟೀ ಲೋಟ ಹಿಡಿದಿದ್ದಾಗ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದುಕೊಂಡು ಲೋಟವನ್ನು ಬಲಗೈಗೆ ದಾಟಿಸಿಕೊಂಡರು. ಆದರೆ ಇಷ್ಟಲಿಂಗವನ್ನು ಹಾಗೆ ದಾಟಿಸುವಂತಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಎಡ ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತ ಕೂರುವುದು ಅವರಿಗೆ ಚಿಕ್ಕಂದಿನಿಂದ ಬಂದ ರೂಢಿ.

ಊರಿನಲ್ಲಿ ಅವರಿಗೊಂದು ಹೆಸರಿತ್ತು. ಸೋಮವಾರ ಸಂಜೆ ಮಠದ ಹಜಾರದಲ್ಲಿ ಎಲ್ಲರೂ ಒಟ್ಟಿಗೆ ಪೂಜೆ ಮಾಡಿದ ಮೇಲೆ ನಾಲ್ಕು ಮಾತಾಡುವವರು ಅವರೇ.

"ಹೊರಗಡೆ ನೋಡಿದ್ದು ಸಾಕು ಕಣ್ರಪ್ಪ. ಒಳಗೆ ತಿರುಗಿ ನೋಡ್ಕಳಿ. ನಾನು ಅನ್ನೋನು ಯಾರು ಅಂತ ಗೊತ್ತಾಗ್ಬುಟ್ರೆ ಕೋಪಗೀಪ ಎಲ್ಲಾ ತಾನಾಗೇ ಉದುರೋಯ್ತದೆ" ಎನ್ನುತ್ತಿದ್ದರು. ಜನ ಕೈಮುಗಿದು ಕೇಳುತ್ತಿದ್ದರು. ಅವರ ಹೆಂಡತಿ ಮಂಗಳಮ್ಮ ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಕೂತಿರುತ್ತಿದ್ದರು.

ಶ್ರಾವಣದ ಒಂದು ಸೋಮವಾರ ಅದೇ ಹಜಾರದಲ್ಲಿ, ಎಲ್ಲರೆದುರು, ಅವರ ಅಂಗೈ ಅದುರಿ ಲಿಂಗ ಜಾರಿಬಿತ್ತು. ಕಲ್ಲುನೆಲದ ಮೇಲೆ ಉರುಳಿಕೊಂಡು ಹೋಗಿ ಯಾರದೋ ಮಂಡಿಯ ಹತ್ತಿರ ನಿಂತಿತು. ಇನ್ನೊಬ್ಬರ ಇಷ್ಟಲಿಂಗವೆಂದು ಯಾರೂ ಮುಟ್ಟಲಿಲ್ಲ. ಗುರುಸ್ವಾಮಿಯವರೇ ಅಂಬೆಗಾಲಿಟ್ಟುಕೊಂಡು ಹೋಗಿ ಎತ್ತಿಕೊಂಡರು. ಲಿಂಗ ಜಾರಿದರೆ ಪ್ರಾಣ ಜಾರಿದ ಹಾಗೆಂದು ನಂಬಿದ್ದ ಮನೆತನ ಅವರದು. ಅವತ್ತು ಪೂಜೆಯ ನಂತರದ ಮಾತಿಗೆ ನಿಲ್ಲದೆ ಎದ್ದುಹೋದರು.

ಮೈಸೂರಿನ ಡಾಕ್ಟರು ಇದು ನರದ ಕಾಯಿಲೆ, ಮಾತ್ರೆಯಿಂದ ತಡೆಯಬಹುದೇ ಹೊರತು ವಾಸಿಯಾಗುವುದಿಲ್ಲ ಎಂದರು. ಅಂಗಡಿ ಮಗ ರೇಣುಕಾಪ್ರಸಾದನ ಪಾಲಿಗೆ ಬಂತು. ಗುರುಸ್ವಾಮಿಯವರು ಮನೆಯಲ್ಲೇ ಉಳಿದರು. ಸಾರಿಗೆ ಉಪ್ಪು ಕಮ್ಮಿಯಾದರೆ ರೇಗಿದರು, ಬಾಗಿಲು ಸದ್ದಾದರೆ ರೇಗಿದರು. ಕಾಯಿಲೆ ತನ್ನನ್ನು ಹೀಗೆ ಮಾಡಿಬಿಟ್ಟಿತಲ್ಲ ಎಂದು ಒಳಗೊಳಗೇ ಕೊರಗಿದರು.

ಒಂದು ಬೆಳಿಗ್ಗೆ ಪೂಜೆಗೆ ಕೂತು ಲಿಂಗವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಮಂಗಳಮ್ಮ ಹತ್ತಿರ ಬಂದು ಕೂತು, ತಮ್ಮ ಅಂಗೈಯನ್ನು ಅವರ ಅಂಗೈಯ ಕೆಳಗೆ ಆನಿಸಿದರು.

"ನಾನು ಇಡ್ಕತೀನಿ, ನೀವು ಪೂಜೆ ಮಾಡಿ."

"ನಾನೇನು ಸತ್ತೋಗಿದೀನಾ?" ಎಂದು ಗುರುಸ್ವಾಮಿಯವರು ಕೈ ಕೊಡವಿದರು. ಪತ್ರೆ ಚೆಲ್ಲಿತು, ತಂಬಿಗೆ ಉರುಳಿತು. ಮಂಗಳಮ್ಮ ಥಟ್ಟನೆ ಹಿಂದಕ್ಕೆ ಸರಿದು ಮುಖಕ್ಕೆ ಮೊಣಕೈ ಅಡ್ಡ ಹಿಡಿದರು. ಅವರು ಹೆಂಡತಿಯ ಮೇಲೆ ಯಾವತ್ತೂ ಕೈಮಾಡಿದವರಲ್ಲ. ಆದರೂ ಆ ಮೊಣಕೈ ತಾನಾಗಿ ಮೇಲಕ್ಕೆದ್ದಿತ್ತು.

ಉರುಳಿದ ತಂಬಿಗೆಯನ್ನು ನೆಟ್ಟಗಿಟ್ಟು ಗುರುಸ್ವಾಮಿಯವರು, "ಕಾಯಿಲೆ ಬಂದ್ಮೇಲೆ ನಂಗೆ ಸಿಟ್ಟು ತಡಿಯಕ್ಕೇ ಆಗ್ತಿಲ್ಲ ಕಣೆ" ಎಂದರು.

ಮಂಗಳಮ್ಮ ನೆಲ ಒರೆಸುತ್ತಿದ್ದರು. ತಲೆಯೆತ್ತದೆ, "ಕಾಯಿಲೆಗೂ ಅದ್ಕೂ ಏನ್ರೀ ಸಂಬಂಧ? ನೀವು ಮೊದ್ಲಿಂದ್ಲೂ ಇಂಗೇ ಅಲ್ವಾ" ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ, ದೂರೂ ಇರಲಿಲ್ಲ. ಮಳೆ ಬಂದು ನಿಂತಿತು ಎನ್ನುವ ಹಾಗಿತ್ತು.

"ನನ್ನ ಕಂಡ್ರೆ ನಿಂಗೆ ಭಯನಾ?"

"ಮದ್ವೆಯಾದ ಹೊಸದ್ರಲ್ಲಿ ಇತ್ತು. ಆಮೇಲೆ ಅಭ್ಯಾಸ ಆಗೋಯ್ತು ಬುಡಿ."

ಒದ್ದೆ ಬಟ್ಟೆ ಹಿಂಡಿಕೊಂಡು ಮಂಗಳಮ್ಮ ಒಳಗೆ ಹೋದರು. ಗುರುಸ್ವಾಮಿಯವರು ಮಣೆಯ ಮೇಲೆ ಹಾಗೇ ಕೂತಿದ್ದರು. ಇಷ್ಟು ವರ್ಷ ಅಂಗೈಯಲ್ಲಿ ದಿಟ್ಟಿಸಿಯೂ ತನಗೆ ಕಾಣದೆ ಹೋದ ಮನುಷ್ಯನನ್ನು, ತನ್ನನ್ನೇ, ಈಕೆ ಅಡುಗೆಮನೆಯಿಂದಲೇ ನೋಡಿಕೊಂಡು ಬಂದಿದ್ದಾಳೆ ಎನಿಸಿತು. ಆ ಮನುಷ್ಯ ನೋಡಲು ಚೆನ್ನಾಗಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಮಠದ ಕೆಲಸ ನೋಡಿಕೊಳ್ಳುವ ಧರ್ಮೇಂದ್ರ ಬಂದ. "ಪೂಜೆ ಆಗ್ದಿದ್ರೆ ಬೇಡ ಬುದ್ಧಿ, ಬಂದು ನಾಲ್ಕು ಮಾತಾಡಿ. ಜನ ಕೇಳ್ತಾವ್ರೆ" ಎಂದ.

"ಹೇಳಕ್ಕೆ ನನ್ನತ್ರ ಏನೂ ಇಲ್ಲ ಕಣಪ್ಪ" ಎಂದರು ಗುರುಸ್ವಾಮಿ. ಧರ್ಮೇಂದ್ರ ಅದನ್ನು ವಿನಯ ಎಂದುಕೊಂಡು ಕಾಲುಮುಟ್ಟಿ ನಮಸ್ಕರಿಸಿ ಹೋದ. ಅದು ಅವರನ್ನು ಇನ್ನಷ್ಟು ಕುಗ್ಗಿಸಿತು.

ಈಗ ದಿನವೂ ಪೂಜೆಯ ಹೊತ್ತಿಗೆ ಮಂಗಳಮ್ಮನ ಕೈ ಅವರ ಅಂಗೈಯ ಕೆಳಗಿರುತ್ತದೆ, ಅವರೂ ಕೊಡವುವುದಿಲ್ಲ. ಅವರ ನಡುಕ ಆಕೆಯ ಕೈಗೂ ಹಬ್ಬಿ ಎರಡೂ ಒಟ್ಟಿಗೆ ಅಲುಗುತ್ತವೆ. ಸಿಟ್ಟು ಎದೆಯಿಂದ ಗಂಟಲಿಗೆ ಏರುವುದು ಗುರುಸ್ವಾಮಿಯವರಿಗೆ ಈಗ ಮೊದಲೇ ತಿಳಿಯುತ್ತದೆ. ಕೆಲವು ದಿನ ನುಂಗಿಕೊಳ್ಳುತ್ತಾರೆ. ತಿಳಿದಮಾತ್ರಕ್ಕೆ ಅದು ನಿಲ್ಲುವುದಿಲ್ಲ ಎನ್ನುವುದೂ ಗೊತ್ತಾಗಿದೆ. ಮೊನ್ನೆ ಆಕೆಯ ಕೈ ಸೋತು ಕೊಂಚ ಇಳಿದಾಗ, "ನೆಟ್ಟಗೆ ಇಡ್ಕಳಕ್ಕಾಗಲ್ವಾ?" ಎಂದು ಗದರಿಬಿಟ್ಟರು. ತಮ್ಮ ದನಿ ತಮಗೇ ಸ್ಪಷ್ಟವಾಗಿ ಕೇಳಿಸಿತು. ಮಂಗಳಮ್ಮ ಕೈಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದರು.