ರುಕ್ಮಣಿಗೆ ನಾನು ಬರೆದುಕೊಟ್ಟ ನಿದ್ದೆ ಮಾತ್ರೆ

ಕೋವಿಡ್ ಹಾವಳಿ ತಣ್ಣಗಾಗಿ ಎರಡು ವರ್ಷವಾಗಿತ್ತು. ನಾನಾಗ ತಮಿಳುನಾಡಿನ ಪಲ್ಲಡಂನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಜನರಲ್ ಫಿಸಿಷಿಯನ್. ಮೈಸೂರಿನಲ್ಲಿ ಓದಿ, ಮದುವೆಯಾಗಿ ಈ ಸೀಮೆಗೆ ಬಂದವಳು. ಇಪ್ಪತ್ತೆರಡು ವರ್ಷ ಇಲ್ಲೇ ರೋಗಿಗಳನ್ನು ನೋಡಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ಇನ್ನು ಕಲಿಯುವುದೇನಿದೆ ಎಂಬ ಜಂಬವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಒಂದು ಸೋಮವಾರ ರುಕ್ಮಣಿ ಎಂಬ ನಲವತ್ತರ ಹೆಂಗಸು ಅತ್ತೆಯ ಜೊತೆ ಬಂದಳು. ಹೆಸರು ಬದಲಿಸಿದ್ದೇನೆ. ತಲೆಮಾರುಗಳಿಂದ ಇಲ್ಲೇ ನೆಲೆನಿಂತ ಕನ್ನಡದ ನೇಕಾರರ ಮನೆ. ಮನೆಗೆ ಅಂಟಿದ ಶೆಡ್ಡಿನಲ್ಲಿ ಆರು ಪವರ್‌ಲೂಮ್. ಅವಳಿಗೆ ರಾತ್ರಿ ನಿದ್ದೆಯಿಲ್ಲ, ಹಗಲು ಮಗ್ಗದ ಮುಂದೆ ನಿಂತಲ್ಲೇ ತೂಕಡಿಕೆ. ಹಿಂದಿನ ವಾರ ಮಗ್ಗಕ್ಕೆ ಕೈ ಸಿಕ್ಕುವುದು ಸ್ವಲ್ಪದರಲ್ಲಿ ತಪ್ಪಿತ್ತಂತೆ. ಮಾತೆಲ್ಲ ಅತ್ತೆಯದೇ.

"ಇವ್ಳು ರಾತ್ರಿಯೆಲ್ಲಾ ಗೂಬೆ ತರ ಕುಂತಿರ್ತಾಳೆ, ಡಾಕ್ಟ್ರಮ್ಮ. ನನ್ನ ಮಗ ನೋಡಿ, ತಲೆ ಇಟ್ರೆ ಸಾಕು, ಗೊರಕೆ. ದುಡಿಯೋ ಗಂಡಸು."

ಗೊರಕೆಯ ಮಾತು ಬಂದಾಗ ಮುದುಕಿಯ ಮುಖದಲ್ಲಿ ಹೆಮ್ಮೆಯಿತ್ತು. ರುಕ್ಮಣಿ ನೆಲ ನೋಡುತ್ತಿದ್ದಳು.

ಟೀ, ಕಾಫಿ, ಮುಟ್ಟು, ಥೈರಾಯ್ಡ್, ಮನೆಯ ಚಿಂತೆ, ಎಲ್ಲ ಕೇಳಿದೆ. ಆ ಮಗ್ಗಗಳ ಸದ್ದಿನಲ್ಲಿ ಯಾರಿಗೆ ತಾನೇ ನಿದ್ದೆ ಬಂದೀತು ಎಂದು ನಾನೇ ತೀರ್ಮಾನಿಸಿದೆ. ಇನ್‌ಸಾಮ್ನಿಯಾ, ಅಂದರೆ ನಿದ್ರಾಹೀನತೆ, ಎಂದು ಬರೆದು ಹತ್ತು ದಿನಕ್ಕೆ ನಿದ್ದೆಯ ಮಾತ್ರೆ ಕೊಟ್ಟೆ. ಹೊರಗೆ ಬಹಳ ಜನ ಕಾಯುತ್ತಿದ್ದರು.

ಶುಕ್ರವಾರ ಅವಳೊಬ್ಬಳೇ ಬಂದಳು. ಮೂರು ಮಾತ್ರೆ ಮುಗಿದಿದ್ದ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಇದು ಬೇಡ, ಡಾಕ್ಟ್ರಮ್ಮ. ನಾ ಮಲ್ಗಿಬುಟ್ರೆ ಅವ್ರನ್ನ ಎಬ್ಸೋರು ಯಾರು?"

ಗಂಡ ರಾಮಲಿಂಗಂನ ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಅದರ ಜೊತೆ ಉಸಿರೂ. ಮಗ್ಗದವರು ಓಡುವ ಮಗ್ಗಗಳ ನಡುವೆಯೇ ನಿದ್ದೆ ಮಾಡುತ್ತಾರೆ. ನೂಲು ಹರಿದು ಒಂದು ಮಗ್ಗ ನಿಂತರೆ, ಆ ಸದ್ದು ತಪ್ಪಿದ್ದಕ್ಕೇ ಅವರಿಗೆ ಎಚ್ಚರವಾಗುತ್ತದೆ. ಚಿಕ್ಕಂದಿನಿಂದ ಹಾಗೆ ಪಳಗಿದವಳು ಇವಳು. ಗೊರಕೆ ನಿಂತ ಕೂಡಲೇ ಎದ್ದು ಗಂಡನ ಭುಜ ಅಲ್ಲಾಡಿಸುತ್ತಿದ್ದಳು. ಅವನು ಉಸಿರೆಳೆದು ಮತ್ತೆ ಗೊರಕೆ ಹೊಡೆಯುತ್ತಿದ್ದ. ಆರು ವರ್ಷದಿಂದ ಇದೇ ಕೆಲಸ. ನಾನು ಕೊಟ್ಟ ಮಾತ್ರೆ ನುಂಗಿ ಅವಳು ಮೈಮರೆತು ಮಲಗಿದಳು. ಮೂರನೆಯ ಬೆಳಿಗ್ಗೆ ಅವನ ತುಟಿ ಕಪ್ಪಿಟ್ಟಿತ್ತು. ಎಷ್ಟು ಅಲ್ಲಾಡಿಸಿದರೂ ಬಹಳ ಹೊತ್ತು ಏಳಲಿಲ್ಲ. ಎದ್ದ ಮೇಲೂ ಸ್ವಲ್ಪ ಹೊತ್ತು ತಾಯಿಯ ಗುರುತೇ ಸಿಗಲಿಲ್ಲವಂತೆ.

ಭಯಕ್ಕೆ ನಾನು ಅವಳ ಮೇಲೆಯೇ ರೇಗಿದೆ. "ಮೊದಲೇ ಯಾಕಮ್ಮ ಹೇಳಲಿಲ್ಲ?"

"ಗಂಡನ ಮೂಚು ನಿಲ್ತದೆ ಅಂತ ಎಂಡ್ತಿ ಬಾಯಲ್ಲಿ ಬರ್ಬೋದಾ? ಅದೂ ಅತ್ತೆ ಮುಂದೆ?"

ಮೂಚು ಎಂದರೆ ಉಸಿರು. ಆ ಅಪಶಕುನದ ಮಾತನ್ನು ಆಡಲಾರದೆ ಅವಳು ಆರು ವರ್ಷ ನಿದ್ದೆಗೆಟ್ಟಿದ್ದಳು. ಎದ್ದು ಏನು ಮಾಡುತ್ತೀಯಮ್ಮ ಎಂದು ನಾನೊಂದು ಮಾತು ಕೇಳಿರಲಿಲ್ಲ.

ಇದು ಸ್ಲೀಪ್ ಆಪ್ನಿಯಾ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ನಿದ್ದೆಯಲ್ಲಿ ಗಂಟಲ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಹೋಗುವ ಕಾಯಿಲೆ. ಸಾಮಾನ್ಯವಾಗಿ ದೇಹ ತಾನೇ ಎಚ್ಚೆತ್ತುಕೊಳ್ಳುತ್ತದೆ. ಆದರೆ ಆಮ್ಲಜನಕ ಕುಸಿದು ಕುಸಿದು ಹೃದಯಕ್ಕೆ, ಮಿದುಳಿಗೆ ಪೆಟ್ಟು ಬೀಳುತ್ತದೆ. ಮೂವರನ್ನೂ ಕರೆಸಿದೆ. ರಾಮಲಿಂಗಂನದು ದಪ್ಪ ಕುತ್ತಿಗೆ, ಏರಿದ ಬಿಪಿ. ನಾನು ಬರೆಯುತ್ತಿರುವಾಗಲೇ ಕುರ್ಚಿಯಲ್ಲಿ ಜೋಲಿ ಹೊಡೆದ.

"ನಂಗೇನಾಗೈತೆ? ನಿದ್ದೆ ಬರ್ದೇ ಇರೋಳಿಗೆ ಮದ್ದು ಕೊಡಿ," ಎಂದ.

ರುಕ್ಮಣಿಯ ಪರವಾಗಿ ನಾನೇ ಹೇಳಿದೆ: "ಆರು ವರ್ಷದಿಂದ ಇವಳು ನಿಮ್ಮ ಉಸಿರು ಕಾಯುತ್ತಾ ಕೂತಿದ್ದಾಳೆ. ಮೂರು ದಿನ ನಾನು ಇವಳನ್ನ ಮಲಗಿಸಿಬಿಟ್ಟೆ. ಆ ತಪ್ಪು ನನ್ನದು."

ಅತ್ತೆ ಸೊಸೆಯ ಮುಖ ನೋಡಿದಳು. ಆಮೇಲೆ ಮಗನಿಗೆ, "ನಾಳೆನೇ ಟೆಸ್ಟ್ ಮಾಡ್ಸು," ಎಂದಳು.

ಕೊಯಮತ್ತೂರಿನಲ್ಲಿ, ನಿದ್ದೆಯಲ್ಲಿ ಉಸಿರನ್ನು ಅಳೆಯುವ ಸ್ಲೀಪ್ ಸ್ಟಡಿ ಆಯಿತು. ಗಂಟೆಗೆ ನಲವತ್ತೇಳು ಸಲ ಉಸಿರು ಕಟ್ಟುತ್ತಿತ್ತು. ತೊಂಬತ್ತೈದರ ಮೇಲಿರಬೇಕಾದ ರಕ್ತದ ಆಮ್ಲಜನಕ ಶೇಕಡಾ ಅರವತ್ತೆಂಟಕ್ಕೆ ಇಳಿದಿತ್ತು. ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿ-ಪ್ಯಾಪ್ ಯಂತ್ರ ಕೊಟ್ಟರು.

ತಿಂಗಳ ನಂತರ ರಾಮಲಿಂಗಂ ಒಬ್ಬನೇ ಒಳಗೆ ಬಂದ. ಬಿಪಿ ಇಳಿದಿತ್ತು, ಕಣ್ಣು ತಿಳಿಯಾಗಿತ್ತು. ರುಕ್ಮಣಿ ಎಲ್ಲಿ ಎಂದೆ. ಬಾಗಿಲಾಚೆ ತೋರಿಸಿದ. ಹಗಲು ಹನ್ನೊಂದು ಗಂಟೆ, ಬೆಂಚಿನ ಮೇಲೆ ಅತ್ತೆಯ ತೊಡೆಗೆ ತಲೆಯಿಟ್ಟು ಅವಳು ಗಾಢ ನಿದ್ದೆಯಲ್ಲಿದ್ದಳು.

"ಎಬ್ಬಿಸ್ಬೇಡಿ, ಡಾಕ್ಟ್ರಮ್ಮ. ಮನೇಲಿ ಇನ್ನೂ ಮಲ್ಗಲ್ಲ. ಕರೆಂಟ್ ಹೋಗಿ ಮೆಷಿನ್ ನಿಂತ್ರೆ ಅಂತ ಭಯ. ಇಲ್ಲಿ ನೀವು ಇದ್ದೀರಲ್ಲ, ಅದ್ಕೆ ಮಲ್ಗವಳೆ."

ಮೆಷಿನ್ನಿಗೆ ಬ್ಯಾಟರಿ ಹಾಕಿಸಲು ಚೀಟಿ ಬರೆದುಕೊಟ್ಟೆ.

ನಿದ್ದೆ ಬರುವುದಿಲ್ಲ ಎಂದು ಬಂದವರನ್ನು ಅಂದಿನಿಂದ ನಾನು ಮೊದಲು ಕೇಳಿದ್ದು ಎರಡೇ: ಎದ್ದು ಏನು ಮಾಡುತ್ತೀರಿ, ಪಕ್ಕದಲ್ಲಿ ಯಾರು ಮಲಗುತ್ತಾರೆ. ಅದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ, ಏನೂ ಕೇಳದೆ ಎಷ್ಟು ಹೆಂಗಸರಿಗೆ ಆ ಮಾತ್ರೆ ಬರೆದುಕೊಟ್ಟೆನೋ, ಅವರ ಮನೆಗಳಲ್ಲಿ ಎಬ್ಬಿಸುವವರಿಲ್ಲದೆ ಯಾರು ತೀರಿಹೋದರೋ, ನನಗೆ ಗೊತ್ತಿಲ್ಲ.